ವಾಹನ ಪ್ರಶ್ನೋತ್ತರ: ಹೊಸ ಎಂಡ್ಯೂರೊ (ಕಚ್ಚಾದಾರಿಗೂ ಹೊಂದುವ) ಬೈಕಿಗೆ ಮೊದಲು ಏನು ಮಾಡಿಸಬೇಕು?

ಪ್ರಶ್ನೆ: ಕಳೆದ ತಿಂಗಳು ಹೀರೊ ಎಕ್ಸ್‌ಪಲ್ಸ್ 200 4ವಿ ಪ್ರೊ ಬೈಕನ್ನು ಕೊಂಡಿದ್ದೇನೆ. ವಾರದಲ್ಲಿ ಐದು ದಿನ ಕೆಲಸಕ್ಕೆ ಹೋಗಿಬರುವುದು, ಉಳಿದೆರಡು ದಿನ ತೋಟದ ಹಾದಿಗಳಲ್ಲೂ ಹಳ್ಳಿಗಳ ಮಣ್ಣಿನ ರಸ್ತೆಗಳಲ್ಲೂ ಓಡಿಸುವುದು ನನ್ನ ಅಭ್ಯಾಸ. ನನ್ನ ಎತ್ತರ ಐದು ಅಡಿ ಆರು ಅಂಗುಲ, ತೂಕ 62 ಕೆ.ಜಿ. ಗಾಡಿ ನಿಲ್ಲಿಸಿದಾಗ ತುದಿಗಾಲು ಮಾತ್ರ ನೆಲಕ್ಕೆ ತಾಗುತ್ತದೆ. ಸಸ್ಪೆನ್ಶನ್ ತಗ್ಗಿಸಿ, ಸೈಲೆನ್ಸರ್ ಬದಲಿಸಿ ಎಂದು ಸ್ನೇಹಿತರು ಹೇಳುತ್ತಿದ್ದಾರೆ. ಯಾವುದರಿಂದ ಆರಂಭಿಸಲಿ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಎರಡರಿಂದಲೂ ಬೇಡ. ಹಣ ಖರ್ಚಾಗದ ಕೆಲಸಗಳು ಇನ್ನೂ ಬಾಕಿ ಇವೆ. ಅವನ್ನು ಮುಗಿಸಿದ ಮೇಲೂ ಅತೃಪ್ತಿ ಉಳಿದರೆ ಅಂಗಡಿಯ ಕಡೆ ಹೋಗಬಹುದು.

ನಿಮ್ಮ ಬೈಕಿನ ಸೀಟಿನ ಎತ್ತರ 891 ಮಿ.ಮೀ. ಎಂದು ಕಂಪನಿಯವರು ಹೇಳುವುದು ಸವಾರನಿಲ್ಲದೆ ನಿಂತ ಗಾಡಿಯ ಅಳತೆ. ಸವಾರ ಹತ್ತಿ ಕುಳಿತಾಗ ಅದು ಎಷ್ಟು ಕುಸಿಯಬೇಕು ಎಂಬುದಕ್ಕೆ ಒಂದು ಲೆಕ್ಕವಿದೆ: ಹಿಂದಿನ ಚಕ್ರದ ಒಟ್ಟು ಏರಿಳಿತದಲ್ಲಿ (ಸಸ್ಪೆನ್ಶನ್ ಮೇಲೆ ಕೆಳಗೆ ಚಲಿಸಬಲ್ಲ ದೂರದಲ್ಲಿ) ಸುಮಾರು ಮೂರನೆಯ ಒಂದು ಭಾಗ. ಪ್ರೊ ಮಾದರಿಯಲ್ಲಿ ಹಿಂದಿನ ಏರಿಳಿತ 220 ಮಿ.ಮೀ. ಇರುವುದರಿಂದ 66ರಿಂದ 73 ಮಿ.ಮೀ.ವರೆಗಿನ ಕುಸಿತ ಸರಿಯಾದದ್ದು. ಅಳೆಯಲು ಟೇಪು ಮತ್ತು ಇಬ್ಬರು ಜೊತೆಗಾರರು ಸಾಕು. ಹಿಂದಿನ ಚಕ್ರ ನೆಲದಿಂದ ಮೇಲೆದ್ದು ತೂಗುವಂತೆ ಗಾಡಿಯನ್ನು ಸ್ಟ್ಯಾಂಡಿನ ಮೇಲೇರಿಸಿ, ಆಕ್ಸಲ್‌ನ (ಚಕ್ರದ ಅಚ್ಚಿನ) ನಡುಭಾಗದಿಂದ ಅದರ ನೇರ ಮೇಲಕ್ಕೆ ಸೀಟಿನ ಕೆಳಗಿನ ಪ್ಯಾನೆಲ್‌ನಲ್ಲಿ ಮಾಡಿಕೊಂಡ ಗುರುತಿನವರೆಗೆ ಅಳೆಯಿರಿ. ಅದು 600 ಮಿ.ಮೀ. ಬಂತು ಎಂದುಕೊಳ್ಳೋಣ. ಅನಂತರ ಗಾಡಿಯನ್ನು ಕೆಳಗಿಳಿಸಿ, ಹೆಲ್ಮೆಟ್, ಬೂಟು, ಬೆನ್ನಚೀಲ ಎಲ್ಲವನ್ನೂ ಧರಿಸಿಕೊಂಡು ನೀವು ಕುಳಿತುಕೊಳ್ಳಿ. ಒಬ್ಬರು ಹ್ಯಾಂಡಲ್ ಹಿಡಿದುಕೊಳ್ಳಲಿ, ಇನ್ನೊಬ್ಬರು ಅದೇ ಎರಡು ಗುರುತುಗಳ ನಡುವೆ ಅಳೆಯಲಿ. ಈಗ 530 ಬಂದರೆ ಕುಸಿತ 70, ಅಂದರೆ ಸರಿಯಾಗಿದೆ. 560 ಬಂದರೆ ನಿಮ್ಮ ತೂಕಕ್ಕೆ ಹಿಂದಿನ ಸ್ಪ್ರಿಂಗ್ ಅತಿಯಾಗಿ ಬಿಗಿಯಾಗಿದೆ, ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಪ್ರಮಾಣ) ಸಡಿಲಿಸಿ. 62 ಕೆ.ಜಿ. ತೂಕದವರಿಗೆ ಹೀಗಾಗುವ ಸಂಭವ ಹೆಚ್ಚು, ಮತ್ತು ಕಾಲು ಎಟುಕದಿರುವ ಸಮಸ್ಯೆಗೂ ಇದಕ್ಕೂ ನೇರ ಸಂಬಂಧವಿದೆ: ಕುಸಿಯಬೇಕಾದಷ್ಟು ಕುಸಿಯದ ಗಾಡಿ ಮೂರು ಸೆಂಟಿಮೀಟರಿನಷ್ಟು ವ್ಯರ್ಥವಾಗಿ ಎತ್ತರದಲ್ಲಿ ನಿಂತಿರುತ್ತದೆ. ಪ್ರಿಲೋಡನ್ನು ಪೂರ್ತಿ ಸಡಿಲಿಸಿದರೂ 66 ಮುಟ್ಟದಿದ್ದರೆ ಮಾತ್ರ ಮೆದುವಾದ ಸ್ಪ್ರಿಂಗಿನ ಯೋಚನೆ ಮಾಡಿ.

ಅದಾದ ಮೇಲೂ ಎತ್ತರ ಕಾಡಿದರೆ ಸೀಟಿನ ಸ್ಪಂಜನ್ನು ಮುಂಭಾಗದಲ್ಲಿ, ತೊಡೆ ಇಳಿಯುವ ಅಂಚುಗಳಲ್ಲಿ ಕೆತ್ತಿಸಿ. ಸಸ್ಪೆನ್ಶನ್ ತಗ್ಗಿಸುವುದನ್ನು ನಾನು ಒಪ್ಪುವುದಿಲ್ಲ. ಪ್ರೊ ಮಾದರಿಗೆ ನೀವು ಹೆಚ್ಚಿನ ಬೆಲೆ ಕೊಟ್ಟದ್ದೇ 270 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್‌ಗಾಗಿ, ಅದನ್ನು ಮತ್ತೆ ಹಣ ಕೊಟ್ಟು ಕಳೆದುಕೊಳ್ಳುವುದೇಕೆ? ಸಾಮಾನ್ಯ ಎಕ್ಸ್‌ಪಲ್ಸ್ 200 4ವಿ ಮಾದರಿಯ ಸೀಟು 825 ಮಿ.ಮೀ. ಎತ್ತರದಲ್ಲಿಯೇ ಇತ್ತು. ಮೇಲಾಗಿ ತಗ್ಗಿಸಿದ ಗಾಡಿಗೆ ಹಳೆಯ ಸೈಡ್ ಸ್ಟ್ಯಾಂಡ್ ಉದ್ದವಾಗಿಬಿಡುತ್ತದೆ. ಗಾಡಿ ವಾಲದೆ ನೆಟ್ಟಗೆ ನಿಂತು, ಸ್ವಲ್ಪ ತಾಗಿದರೂ ಆಚೆ ಬದಿಗೆ ಮಗುಚಿಕೊಳ್ಳುತ್ತದೆ.

ಮುಂದಿನದು ಲಿವರ್‌ಗಳು. ಶೋರೂಮಿನಿಂದ ಬರುವಾಗ ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳು ಕುಳಿತು ಓಡಿಸುವವರಿಗೆ ಹೊಂದುವಂತೆ ಇರುತ್ತವೆ. ಮಣ್ಣಿನ ದಾರಿಯಲ್ಲಿ ನೀವು ಫುಟ್‌ಪೆಗ್‌ಗಳ ಮೇಲೆ ನಿಂತೇ ಹೆಚ್ಚು ಓಡಿಸುವುದರಿಂದ, ನಿಂತಾಗ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆಯಾಗುವಂತೆ ಅವುಗಳನ್ನು ಕೆಳಕ್ಕೆ ತಿರುಗಿಸಿಕೊಳ್ಳಿ. ಲಿವರ್ ಹಿಡಿದಿರುವ ಕ್ಲ್ಯಾಂಪಿನ ಬೋಲ್ಟುಗಳನ್ನು ಉಸಿರುಗಟ್ಟಿ ಬಿಗಿಯಬೇಡಿ. ಕ್ಲ್ಯಾಂಪಿನ ಕೆಳಗೆ ಎರಡು ಸುತ್ತು ಟೆಫ್ಲಾನ್ ಟೇಪು ಸುತ್ತಿ, ಓಡಿಸುವಾಗ ಅಲುಗದಷ್ಟು, ಆದರೆ ಅಂಗೈಯಿಂದ ಬಲವಾಗಿ ಒತ್ತಿದರೆ ತಿರುಗುವಷ್ಟು ಬಿಗಿ ಇಟ್ಟರೆ ಸಾಕು. ಹಲವು ವರ್ಷಗಳ ಹಿಂದೆ ಸಕಲೇಶಪುರದ ಬಳಿಯ ತೋಟವೊಂದರಲ್ಲಿ ನಾನು ನಿಂತ ಗಾಡಿಯಿಂದಲೇ ಬಿದ್ದೆ. ಪೆಟ್ಟೇನೂ ಆಗಲಿಲ್ಲ, ಆದರೆ ಅಲುಗದಂತೆ ಬಿಗಿದಿದ್ದ ಕ್ಲಚ್ ಲಿವರ್ ಬುಡದಲ್ಲೇ ಮುರಿದು, ಎಂಟು ಕಿಲೋಮೀಟರ್ ದೂರವನ್ನು ಕ್ಲಚ್ ಇಲ್ಲದೆ ಗೇರ್ ಹಾಕುತ್ತಾ ಬರಬೇಕಾಯಿತು. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಮೊದಲ ಖರ್ಚು ಅಲ್ಯೂಮಿನಿಯಂ ಪಟ್ಟಿಯಿರುವ ಹ್ಯಾಂಡ್‌ಗಾರ್ಡ್‌ಗಳಿಗಾಗಲಿ.

ಚೈನಿನ ಬಗ್ಗೆಯೂ ಒಂದು ಮಾತು. ಇಷ್ಟು ಏರಿಳಿತವಿರುವ ಗಾಡಿಯಲ್ಲಿ ಚೈನು ಸಡಿಲವಾಗಿ ಜೋತಾಡುತ್ತಿರುವಂತೆ ಕಾಣುವುದು ಸಹಜ. ಅದನ್ನು ಕಂಡು ಮೆಕ್ಯಾನಿಕ್ ಸಾಮಾನ್ಯ ಬೈಕಿನಂತೆ ಬಿಗಿದುಬಿಟ್ಟರೆ ತೊಂದರೆ ಖಚಿತ. ಮುಂದಿನ ಸ್ಪ್ರಾಕೆಟ್ (ಚೈನಿನ ಹಲ್ಲುಚಕ್ರ), ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್‌ಆರ್ಮಿನ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತ್ಯಂತ ಬಿಗಿಯಾಗಿರುತ್ತದೆ. ಆ ಸ್ಥಿತಿಯಲ್ಲೂ ಸ್ವಲ್ಪ ಸಡಿಲ ಉಳಿಯಲೇಬೇಕು. ಇಲ್ಲದಿದ್ದರೆ ಗುಂಡಿಗೆ ಬಿದ್ದ ಹೊಡೆತವೆಲ್ಲ ಗೇರ್‌ಬಾಕ್ಸಿನ ಬೇರಿಂಗಿಗೆ ಹೋಗುತ್ತದೆ. ಹೊಸ ಗಾಡಿಯ ಚಕ್ರದ ಕಡ್ಡಿಗಳೂ ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಸಡಿಲಗೊಳ್ಳುತ್ತವೆ. ಸ್ಪ್ಯಾನರಿನಿಂದ ಒಂದೊಂದನ್ನೇ ತಟ್ಟಿ ನೋಡಿ: ಬಿಗಿಯಾದದ್ದು ಟಣ್ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಮಳೆಗಾಲಕ್ಕೆ ಮೊದಲು ಸ್ಟೀರಿಂಗ್ ಬೇರಿಂಗ್, ಸ್ವಿಂಗ್‌ಆರ್ಮ್ ಕೀಲುಗಳನ್ನು ಬಿಚ್ಚಿಸಿ ಗ್ರೀಸ್ ತುಂಬಿಸಿಕೊಳ್ಳಿ. ಮಲೆನಾಡಿನಲ್ಲಿ ಇದನ್ನು ಮುಂದೂಡುವಂತಿಲ್ಲ.

ಪ್ರಶ್ನೆ: ಇಂತಹ ಬೈಕಿಗೆ ಏನೇನು ಬದಲಾವಣೆ ಮಾಡಿದರೆ ಕಾನೂನಿನ ತೊಡಕು ಬರುತ್ತದೆ?
– ಓದುಗರೊಬ್ಬರು, ಹಾಸನ

ಉತ್ತರ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿಸಿದ 182ಎ ಕಲಮಿನಡಿ ಮಾಲೀಕನಿಗೆ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 190ನೇ ಕಲಮಿನಡಿ 10,000 ರೂಪಾಯಿವರೆಗೆ ದಂಡವಿದ್ದು, ಲೈಸೆನ್ಸಿಗೂ ಕುತ್ತು ಬರಬಹುದು.

ಹೀಗಾಗಿ ಎಂಜಿನ್, ಚಾಸಿ ಮತ್ತು ಸೈಲೆನ್ಸರುಗಳ ತಂಟೆಗೆ ಹೋಗಬೇಡಿ. ಸೈಲೆನ್ಸರಿನ ವಿಷಯದಲ್ಲಿ ಕಾನೂನಿನ ಹೊರತಾಗಿಯೂ ನನ್ನ ಆಕ್ಷೇಪವಿದೆ: ಭಾರತ್ ಸ್ಟೇಜ್ 6ರ (ಹೊಗೆಯ ಮಿತಿಯ ನಿಯಮ) ಎಂಜಿನ್ ತನ್ನ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಆಕ್ಸಿಜನ್ ಸೆನ್ಸರನ್ನು ನಂಬಿಕೊಂಡು ಪೆಟ್ರೋಲಿನ ಲೆಕ್ಕ ಹಾಕುತ್ತದೆ, 19 ಅಶ್ವಶಕ್ತಿಯ ಗಾಡಿಯಲ್ಲಿ ಅವನ್ನು ಕಿತ್ತುಹಾಕಿ ಪಡೆಯುವುದು ಸದ್ದು ಮಾತ್ರ. ಏರುದಾರಿಯಲ್ಲಿ ಎಳೆತ ಹೆಚ್ಚಬೇಕೆಂದಿದ್ದರೆ ಮುಂದಿನ ಸ್ಪ್ರಾಕೆಟ್ಟನ್ನು 13 ಹಲ್ಲುಗಳಿಂದ 12ಕ್ಕೆ ಇಳಿಸಿದರೆ ಗೇರಿಂಗ್ ಸುಮಾರು ಶೇ 8ರಷ್ಟು ತಗ್ಗುತ್ತದೆ. ಹೆದ್ದಾರಿಯಲ್ಲಿ ಅಷ್ಟೇ ಪ್ರಮಾಣದಲ್ಲಿ ಎಂಜಿನ್ ಹೆಚ್ಚು ಸುತ್ತಬೇಕಾಗುತ್ತದೆ ಎಂಬುದನ್ನು ಒಪ್ಪಿಕೊಂಡು ಮಾಡಿ. ಹಿಂಬದಿ ಸವಾರರ ಹಿಡಿಕೆ, ಫುಟ್‌ರೆಸ್ಟ್ ಮತ್ತು ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ತಡೆಯುವ ಗಾರ್ಡ್ ಕೇಂದ್ರ ಮೋಟಾರು ವಾಹನ ನಿಯಮಗಳ ನಿಯಮ 123ರ ಪ್ರಕಾರ ಇರಬೇಕಾದವು. ಅಂದಕ್ಕಾಗಿ ಅವನ್ನು ಬಿಚ್ಚಬೇಡಿ. ಹೆಚ್ಚುವರಿ ಎಲ್‌ಇಡಿ ದೀಪಗಳ ವಿಷಯದಲ್ಲೂ ಎಚ್ಚರ ಬೇಕು. ಕಣ್ಣು ಕುಕ್ಕುವ ದೀಪಗಳ ವಿರುದ್ಧ 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದ್ದರು. ಏನೇ ಅಳವಡಿಸಿದರೂ ವಿಮಾ ಕಂಪನಿಗೆ ಬರೆದು ತಿಳಿಸಿ.

ಪ್ರಶ್ನೆ: ಕೆಸರಿನಲ್ಲಿ ಗಾಳಿ ಎಷ್ಟು ಇಳಿಸಬೇಕು? ಪದೇಪದೇ ಟ್ಯೂಬ್ ಹರಿಯುತ್ತಿದೆ.
– ಓದುಗರೊಬ್ಬರು, ಶಿರಸಿ

ಉತ್ತರ: ಬರಿ ಕೆಸರಾದರೆ 18ರಿಂದ 20 ಪಿಎಸ್‌ಐ ಸಾಕು. ಕಲ್ಲುಗಳಿದ್ದರೆ ಅಷ್ಟು ಇಳಿಸಬೇಡಿ. ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕ ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತುಗಳು ಬೀಳುತ್ತವೆ. ನಿಮ್ಮ ಹರಿದ ಟ್ಯೂಬಿನಲ್ಲಿ ಅಂತಹ ಜೋಡಿ ತೂತುಗಳಿದ್ದರೆ ಕಾರಣ ಮುಳ್ಳಲ್ಲ, ಕಡಿಮೆ ಗಾಳಿ. ಟಾರು ರಸ್ತೆಗೆ ಮರಳುವ ಮುನ್ನ ಮತ್ತೆ ಗಾಳಿ ತುಂಬಲು ಸಣ್ಣ ಪಂಪು ಜೊತೆಗಿರಲಿ. ಬಿಡಿ ಟ್ಯೂಬ್ ಒಂದನ್ನೇ ಒಯ್ಯುವುದಾದರೆ ಮುಂದಿನ ಚಕ್ರದ 21 ಇಂಚಿನದ್ದನ್ನು ಒಯ್ಯಿರಿ. ಅದು ಹಿಂದಿನ 18 ಇಂಚಿನ ಚಕ್ರದಲ್ಲೂ ಮನೆ ಮುಟ್ಟುವವರೆಗೆ ನಡೆಯುತ್ತದೆ, 18ರದ್ದು ಮುಂದಕ್ಕೆ ಆಗುವುದಿಲ್ಲ.

ಪ್ರಶ್ನೆ: ಬೆಂಗಳೂರಿನ ಸುತ್ತ ಇಂತಹ ಬೈಕನ್ನು ಅಭ್ಯಾಸ ಮಾಡಲು ಎಲ್ಲಿ ಅವಕಾಶವಿದೆ?
– ಓದುಗರೊಬ್ಬರು, ಯಲಹಂಕ

ಉತ್ತರ: ಕೆರೆಯಂಗಳ ಮತ್ತು ಕಾಡಿನ ಅಂಚುಗಳಿಗೆ ನುಗ್ಗಬೇಡಿ, ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವುದು ಅಪರಾಧ. 2015ರಲ್ಲಿ, ದುರ್ಗಮ ಹಾದಿಗಳಲ್ಲಿ ಹಲವು ದಿನ ನಡೆಯುವ ಡಾಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ, ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ ಅವರು ಕೋಲಾರ ಜಿಲ್ಲೆಯಲ್ಲಿ ಸ್ಥಾಪಿಸಿದ ಬಿಗ್‌ರಾಕ್ ಇಂತಹ ಕಲಿಕೆಗೆಂದೇ ಇರುವ ಜಾಗ. ಮೊದಲೇ ವಿಚಾರಿಸಿಕೊಂಡು ಹೋಗಿ. ನಿಮ್ಮ ಗಾಡಿಯಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ವ್ಯವಸ್ಥೆ) ಮೋಡ್‌ಗಳಿದ್ದರೆ ಅಲ್ಲಿ ಆಫ್‌ರೋಡ್ ಮೋಡ್ ಹಾಕಿ ಕಲಿಯಿರಿ, ಆದರೆ ಗೇಟಿನಿಂದ ಹೊರಗೆ ಬರುವಾಗ ಮೀಟರಿನ ಪರದೆಯನ್ನೊಮ್ಮೆ ನೋಡಿ ರೋಡ್ ಮೋಡಿಗೆ ಮರಳಿರುವುದನ್ನು ಖಚಿತಪಡಿಸಿಕೊಳ್ಳಿ.