ಚಾಪ್ಲೆನ್ ಹತ್ರ ಹೋದ್ರೆ ಮತಾಂತರ ಮಾಡ್ತಾರಾ?

ಪ್ರಶ್ನೆ: ನಮ್ಮಣ್ಣನ ಮಗ ಅಮೆರಿಕದ ಆರ್ಮಿ ಸೇರಿ ಎಂಟು ತಿಂಗಳಾಯ್ತು. ರಾತ್ರಿ ನಿದ್ದೆ ಬರಲ್ಲ, ಮನಸ್ಸು ಸರಿ ಇಲ್ಲ ಅಂತಾನೆ. ಅಲ್ಲಿ ಚಾಪ್ಲೆನ್ ಅಂತ ಇರ್ತಾರಂತೆ, ಅವ್ರ ಹತ್ರ ಹೇಳ್ಕೊಳೋ ಅಂದ್ರೆ "ಅವ್ರು ಪಾದ್ರಿ ಕಣ್ ಚಿಕ್ಕಪ್ಪ, ನಾನು ಹಿಂದೂ, ಚರ್ಚಿಗೆ ಬಾ ಅಂದ್ರೆ?" ಅಂತ ಹಿಂಜರೀತಾನೆ. ಹೋಗು ಅನ್ನಲಾ ಬೇಡ ಅನ್ನಲಾ?

ಉತ್ತರ: ಖಂಡಿತ ಹೋಗು ಅನ್ನಿ, ಇವತ್ತೇ ಫೋನ್ ಮಾಡಿ. ಚಾಪ್ಲೆನ್ ಅಂದ್ರೆ ಸೇನೆಯ ಧರ್ಮಗುರು, ಯಾವ ಧರ್ಮದವರಾದ್ರೂ ಆಗಿರ್ಬೋದು, ಆದ್ರೆ ತಮ್ಮ ಧರ್ಮದವರನ್ನ ಮಾತ್ರ ನೋಡ್ಕೊಳೋದಲ್ಲ ಅವ್ರ ಕೆಲಸ, ಪಾದ್ರಿಯಾಗಿದ್ರೂ ಯಹೂದಿ ಸೈನಿಕನಿಗೆ ಅವನ ಹಬ್ಬ, ಮುಸ್ಲಿಂ ಸೈನಿಕನಿಗೆ ನಮಾಜಿಗೆ ಜಾಗ, ದೇವರನ್ನೇ ನಂಬದವನಿಗೆ ಕೂತು ಕೇಳೋ ಒಂದು ಕಿವಿ, ಇಷ್ಟಕ್ಕೂ ಅವ್ರು ದಾರಿ ಮಾಡ್ಬೇಕು. ಅವ್ರಿಗೆ ಆಫೀಸರ್ ರ‍್ಯಾಂಕ್ ಇದ್ರೂ ಪಡೆಗೆ ಆರ್ಡರ್ ಕೊಡೋ ಅಧಿಕಾರ ಇಲ್ಲ, ಬಂದೂಕು ಹಿಡಿಯಲ್ಲ. ಎಲ್ಲಕ್ಕಿಂತ ಮುಖ್ಯ, ಹುಡುಗ ಗುಟ್ಟಾಗಿ ಹೇಳ್ಕೊಂಡಿದ್ದನ್ನ ಅವನ ಒಪ್ಪಿಗೆ ಇಲ್ದೆ ಕಮಾಂಡರ್ ಕೇಳಿದ್ರೂ ಅವ್ರು ಹೇಳೋ ಹಾಗಿಲ್ಲ. ಮನಸ್ಸು ಕೆಟ್ಟಿರೋ ಹುಡುಗನಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೇನ್ ಬೇಕು.

ಹಾಗಂತ ನಿಮ್ಮ ಹುಡುಗನ ಭಯಕ್ಕೆ ಅರ್ಥ ಇಲ್ಲ ಅನ್ನಲ್ಲ ನಾನು. 2004-05ರಲ್ಲಿ ಕೊಲೊರಾಡೋದ ಏರ್‌ಫೋರ್ಸ್ ಅಕಾಡೆಮಿಯಲ್ಲಿ ದೊಡ್ಡ ಗಲಾಟೆ ಆಯ್ತು, ಫುಟ್‌ಬಾಲ್ ಟೀಮಿನ ಲಾಕರ್ ರೂಮಲ್ಲಿ ನಾವು ಯೇಸು ಕ್ರಿಸ್ತನ ಟೀಮು ಅಂತ ಸಾರೋ ಬ್ಯಾನರ್ ಹಾಕಿದ್ರು, ಹಾಕಿದ್ದು ಕೋಚು. ಆ ಟೀಮಲ್ಲಿ ಬೇರೆ ಧರ್ಮದ ಹುಡುಗ ಇದ್ರೆ ಅವನೆಲ್ಲಿ ಬಟ್ಟೆ ಬದಲಾಯಿಸ್ಬೇಕು ಹೇಳಿ? ನನ್ ಪ್ರಕಾರ ಸೇನೇಲಿ ತೊಂದರೆ ಬರೋದು ಪ್ರಾರ್ಥನೆಯಿಂದಲ್ಲ, ರ‍್ಯಾಂಕಿಂದ. ಮೇಲಿನವರು ಪ್ರೀತಿಯಿಂದ್ಲೇ "ಬಾ" ಅಂದ್ರೂ ಕೆಳಗಿನವನ ಕಿವಿಗೆ ಅದು ಆರ್ಡರೇ. ಇನ್ನು ಒಬ್ಬ ಯಹೂದಿ ಏರ್‌ಫೋರ್ಸ್ ಅಧಿಕಾರಿ ಯೂನಿಫಾರ್ಮ್ ಜೊತೆ ತಮ್ಮ ಧರ್ಮದ ಪುಟ್ಟ ಟೋಪಿ ಹಾಕೋದಕ್ಕೋಸ್ಕರ ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ 5-4ರಲ್ಲಿ ಸೋತ್ರು, ಮಾರನೇ ವರ್ಷ ಕಾಂಗ್ರೆಸ್ಸೇ, ಅಂದ್ರೆ ಅಮೆರಿಕದ ಸಂಸತ್ತೇ, ಕಾನೂನು ಮಾಡಿ ಅಂಥದ್ದಕ್ಕೆ ಅವಕಾಶ ಕೊಡ್ತು.

ಆದ್ರೆ ಚಾಪ್ಲೆನ್ ಅಂದ್ರೆ ನಂಗೆ ಮೊದಲು ನೆನಪಾಗೋದು 1943ರ ಫೆಬ್ರವರಿ 3. ಗ್ರೀನ್‌ಲ್ಯಾಂಡ್ ಹತ್ರ ಡಾರ್ಚೆಸ್ಟರ್ ಅನ್ನೋ ಅಮೆರಿಕದ ಸೈನಿಕರ ಹಡಗಿಗೆ ಜರ್ಮನ್ ಟಾರ್ಪಿಡೋ ಬಿತ್ತು, ಹಡಗಲ್ಲಿ 900 ಜನ, ಕತ್ತಲು, ಕೊರೆಯೋ ನೀರು, ಲೈಫ್ ಜಾಕೆಟ್ ಸಾಲ್ಲಿಲ್ಲ. ನಾಲ್ಕು ಜನ ಚಾಪ್ಲೆನ್‌ಗಳಿದ್ರು, ಇಬ್ಬರು ಪ್ರಾಟೆಸ್ಟಂಟ್, ಒಬ್ಬರು ಕ್ಯಾಥೊಲಿಕ್, ಒಬ್ಬರು ಯಹೂದಿ ರಬ್ಬಿ, ನಾಲ್ಕೂ ಜನ ತಮ್ ಜಾಕೆಟ್ ಬಿಚ್ಚಿ ಪಕ್ಕದವರಿಗೆ ತೊಡಿಸಿ ಕೈ ಕೈ ಹಿಡ್ಕೊಂಡು ಹಡಗಿನ ಜೊತೆ ಮುಳುಗಿದ್ರು. ಜಾಕೆಟ್ ಕೊಡೋವಾಗ ನೀನ್ ಯಾವ ಧರ್ಮ ಅಂತ ಯಾರೂ ಕೇಳ್ಲಿಲ್ಲ.

ಈಗ ನಿಮ್ಮ ಹುಡುಗನ ವಿಷಯ. ಹೋದ ತಕ್ಷಣ "ನಾನು ಹಿಂದೂ, ಧರ್ಮ ಬದಲಾಯಿಸೋ ಯೋಚನೆ ಇಲ್ಲ, ಬರೀ ಮಾತಾಡ್ಬೇಕಿತ್ತು" ಅಂತ ನೇರವಾಗಿ ಹೇಳ್ಲಿ, ಒಳ್ಳೆ ಚಾಪ್ಲೆನ್ ಇದಕ್ಕೆ ಬೇಜಾರ್ ಮಾಡ್ಕೊಳಲ್ಲ. ಹಿಂದೂ ಚಾಪ್ಲೆನ್ ಜೊತೆ ಮಾತಾಡೋಕಾಗುತ್ತಾ ಅಂತಾನೂ ಕೇಳ್ಲಿ, 2011ರಲ್ಲೇ ಅಮೆರಿಕದ ಆರ್ಮಿಗೆ ಮೊದಲ ಹಿಂದೂ ಚಾಪ್ಲೆನ್ ಬಂದ್ರು, ಪ್ರತಿಮಾ ಧರ್ಮ್ ಅನ್ನೋ ಭಾರತ ಮೂಲದ ಹೆಣ್ಮಗಳು. ಅಕಸ್ಮಾತ್ ಯಾರಾದ್ರೂ ಚರ್ಚಿಗೆ ಬಾ ಅಂತ ಪದೇ ಪದೇ ಒತ್ತಾಯ ಮಾಡಿದ್ರೆ ಯಾವತ್ತು, ಯಾರು, ಏನಂದ್ರು ಅಂತ ಬರೆದಿಟ್ಕೊಳ್ಲಿ, ದೂರು ಕೊಡೋಕೆ ಅಲ್ಲೇ ಬೇರೆ ಆಫೀಸ್ ಇದೆ. ಆದ್ರೆ ಅದು ಆಮೇಲಿನ ಮಾತು, ಮೊದಲು ಆ ಹುಡುಗ ನಿದ್ದೆ ಮಾಡ್ಲಿ.