‘ಕುಳಪ್ಪಮಿಲ್ಲ’ ಎನ್ನುವ ಯಜಮಾನರು

ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಓದುಗರೊಬ್ಬರು ಬರೆಯುತ್ತಾರೆ: “ಕುಡಿತ ಬಿಡಲೆಂದು ಯಜಮಾನರು ಆಪ್ತಸಮಾಲೋಚನೆಗೆ ಮೂರು ಸಲ ಹೋದರು. ದಿನಾ ಕುಡಿಯುವವರು ಅಲ್ಲಿ ‘ತೋಟಕ್ಕೆ ಮದ್ದು ಬಿಡಿಸಿದ ದಿನ ಮಾತ್ರ’ ಎಂದರಂತೆ. ಮನೆಯಲ್ಲಿ ಕೇಳಿದರೆ ‘ಕೊಳೆರೋಗಕ್ಕೆ ಅಡಿಕೆ ಉದುರಿದರೆ ಯಾರು ಕುಡಿಯುವುದಿಲ್ಲ?’, ಇಲ್ಲವೇ ‘ನಿನ್ನ ಕಿರಿಕಿರಿಯಿಂದಲೇ’ ಎನ್ನುತ್ತಾರೆ. ಇಷ್ಟು ಸುಳ್ಳು ಹೇಳುವವರಿಗೆ ಸಮಾಲೋಚನೆ ಯಾಕೆ? ನೆಂಟರು ಸಾಂಬಾರಿಗೆ ಬೆರೆಸಲು ಮಾತ್ರೆ ಕೊಟ್ಟಿದ್ದಾರೆ. ಹಾಕಲೇ?”

ಸಹೋದರಿ, ಖಂಡಿತ ಹಾಕಬೇಡಿ. ಹೀಗೆ ಗುಟ್ಟಾಗಿ ಬೆರೆಸುವ ಮಾತ್ರೆ ಹೆಚ್ಚಾಗಿ ಡೈಸಲ್ಫಿರಾಮ್. ಅದು ಮೈಯಲ್ಲಿರುವಾಗ ಮದ್ಯ ಸೇರಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ, ಪ್ರಾಣಕ್ಕೇ ಅಪಾಯವಾಗಬಹುದು. ಕುಡಿಯುವವರು ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬೇಕಾದ ಔಷಧ ಅದು. ಕೂಡಿಹಾಕಿ ಒಮ್ಮೆಗೇ ಕುಡಿತ ನಿಲ್ಲಿಸುವುದೂ ಬೇಡ, ಅಪಸ್ಮಾರ ಬಂದೀತು.

ಇನ್ನು ಸುಳ್ಳಿನ ಮಾತು. ಅದನ್ನು ಅವರು ನಿಮಗಿಂತ ಮೊದಲು ತಮಗೇ ಹೇಳಿಕೊಂಡಿದ್ದಾರೆ ಎಂದು ನನಗೆ ಅನಿಸುತ್ತದೆ. ತಾಳಲಾಗದ ಸತ್ಯ ಹತ್ತಿರ ಬಂದಾಗ ಮನಸ್ಸು ತನ್ನರಿವಿಲ್ಲದೆ ಬೇಲಿ ಕಟ್ಟಿಕೊಳ್ಳುತ್ತದೆ. ಮನೋವಿಶ್ಲೇಷಕಿ ಆನಾ ಫ್ರಾಯ್ಡ್ 1936ರಲ್ಲಿ ಇಂಥ ರಕ್ಷಣಾ ತಂತ್ರಗಳನ್ನು ವಿಂಗಡಿಸಿ ಬರೆದರು. ‘ಮದ್ದು ಬಿಡಿಸಿದ ದಿನ ಮಾತ್ರ’ ಎನ್ನುವುದು ನಿರಾಕರಣೆ, ಕೊಳೆರೋಗದ ಮಾತು ಸಮರ್ಥನೆ. ಮೂರನೆಯದು ತನ್ನ ಹೊರೆಯನ್ನು ಇನ್ನೊಬ್ಬರ ತಲೆಗೆ ಹೊರಿಸುವುದು. ಅದನ್ನು ನೀವು ಅರ್ಧ ನಂಬಿದಂತಿದೆ, ದಯವಿಟ್ಟು ನಂಬಬೇಡಿ.

ವಾದಕ್ಕೆ ಕೂತರೆ ಅವರು ಕುಡಿತದ ಪರವಾಗಿಯೇ ಮಾತಾಡಬೇಕಾಗುತ್ತದೆ, ಮಾತಾಡಿದಷ್ಟೂ ಬೇಲಿ ಬಿಗಿಯಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮುಂದಿಟ್ಟ ಕ್ರಮದಲ್ಲಿ ಸಮಾಲೋಚಕರು ತಪ್ಪು ತೋರಿಸಲು ಆತುರಪಡುವುದಿಲ್ಲ. ಬಿಡಬೇಕೆಂಬ ಮಾತು ಕುಡಿಯುವವರ ಬಾಯಿಂದಲೇ ಬರುವಂತೆ ಕೇಳುತ್ತಾ, ಕಾಯುತ್ತಾ ಹೋಗುತ್ತಾರೆ. ಮೂರು ಭೇಟಿ ಅದಕ್ಕೆ ಏನೂ ಅಲ್ಲ.

ಪತ್ರದ ಕೊನೆಯ ಸಾಲು ನನ್ನನ್ನು ಬಹಳ ಕಾಡಿತು: ಸಮಾಲೋಚಕರು ಮಲಯಾಳದಲ್ಲಿ ಕೇಳುತ್ತಾರೆ, ಇವರು ಎಲ್ಲದಕ್ಕೂ “ಕುಳಪ್ಪಮಿಲ್ಲ”, ತೊಂದರೆಯಿಲ್ಲ, ಎಂದು ಎದ್ದು ಬರುತ್ತಾರೆ. ನಮ್ಮ ಗಡಿನಾಡಿನವರಿಗೆ ಪೇಟೆಗೆ, ಕಚೇರಿಗೆ ಆ ಭಾಷೆ ಸಾಕು. ನಾಚಿಕೆಯನ್ನೂ ಭಯವನ್ನೂ ಬಿಚ್ಚಿಡಲು ಮನೆಮಾತೇ ಬೇಕು. ಕನ್ನಡವೋ ತುಳುವೋ ಬಲ್ಲವರನ್ನು ಸಂಕೋಚವಿಲ್ಲದೆ ಕೇಳಿ, ಮಂಗಳೂರೂ ದೂರವಲ್ಲ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಭಾಷೆ ಆರಿಸಿಕೊಳ್ಳಬಹುದು.

ಸೊಸೈಟಿಯವರು ಬಂದಾಗ ನೀವು “ಜ್ವರ, ಮಲಗಿದ್ದಾರೆ” ಎಂದಿರಂತೆ. ಮುಂದಿನ ಸಲ “ಅವರನ್ನೇ ಕರೆಯುತ್ತೇನೆ, ಕೂತುಕೊಳ್ಳಿ” ಎನ್ನಿ.