ಬೇರೆಯವರ ಹಾಡಿಗೆ ಪೇಟಿ ನುಡಿಸುವವನ ಉತ್ತರ

ನೀವು ಬೇರೆಯವರ ವಿಡಿಯೋ ಎಡಿಟ್ ಮಾಡಿಕೊಡುತ್ತೀರಿ, ಹೆಸರು ಅವರಿಗೆ ಹೋಗುತ್ತದೆ. ಹೀಗೆ ಇನ್ನೊಬ್ಬರ ಸೃಷ್ಟಿಗೆ ಕೈ ಜೋಡಿಸುತ್ತಾ ಇದ್ದರೆ ಬದುಕಿಗೆ ಅರ್ಥ ಸಿಗುತ್ತದಾ, ಇಲ್ಲ ಬಿಟ್ಟು ಸ್ವಂತದ್ದು ಏನಾದರೂ ಮಾಡಬೇಕಾ ಅಂತ ಕೇಳಿದ್ದೀರಿ. ಅರ್ಥ ಸಿಗುತ್ತದೆ. ನನಗೆ ಸಿಕ್ಕಿದೆ. ಎಡಿಟಿಂಗ್ ನನಗೆ ಗೊತ್ತಿಲ್ಲ, ಹಾಗಾಗಿ ನನ್ನ ಕೆಲಸದ ಮೂಲಕವೇ ಹೇಳುತ್ತೇನೆ.

ನಾನು ತುಮಕೂರು ಕಡೆಯ ಹಾರ್ಮೋನಿಯಂ ಮೇಷ್ಟ್ರು. ನಮ್ಮ ಜಿಲ್ಲೆಯಲ್ಲಿ ಪೌರಾಣಿಕ ನಾಟಕದ ಹುಚ್ಚು ಇನ್ನೂ ಇಳಿದಿಲ್ಲ. ರಾಗಿ ಒಕ್ಕಣೆ ಮುಗಿಯುತ್ತಿದ್ದ ಹಾಗೆ ಗುಬ್ಬಿ, ತುರುವೇಕೆರೆ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಆಡಿಸುವ ಮಾತು ಶುರುವಾಗುತ್ತದೆ. ಪಾತ್ರ ಮಾಡುವವರು ತೆಂಗಿನ ತೋಟದವರು, ಬಸ್ ಡ್ರೈವರ್, ಟೈಲರ್, ಪಂಚಾಯಿತಿಯ ನೀರು ಬಿಡುವವರು. ಪಾತ್ರಕ್ಕೆ ಇಷ್ಟು ಅಂತ ಕೈಯಿಂದಲೇ ದುಡ್ಡು ಹಾಕುತ್ತಾರೆ. ಸೀನರಿ, ಡ್ರೆಸ್ಸು, ಮೇಕಪ್ಪು ಎಲ್ಲ ಬಾಡಿಗೆಗೆ ಬರುತ್ತದೆ. ಹಗಲೆಲ್ಲ ದುಡಿದು ರಾತ್ರಿ ಶಾಲೆ ಜಗಲಿಯಲ್ಲೋ ದೇವಸ್ಥಾನದ ಅಂಗಳದಲ್ಲೋ ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡುತ್ತಾರೆ. ಅವರಿಗೆ ಹಾಡು, ಮಾತು ಕಲಿಸುವುದು ನನ್ನ ಕೆಲಸ. ನಾಟಕದ ದಿನ ಸ್ಟೇಜಿನ ಬದಿಯಲ್ಲಿ ಪೇಟಿ ಹಾಕಿಕೊಂಡು ಬೆಳಗಿನ ತನಕ ಕೂರುತ್ತೇನೆ. ಜನ ನೋಡುವುದು ಕೃಷ್ಣನನ್ನು, ದುರ್ಯೋಧನನನ್ನು. ಹಾರ ಬೀಳುವುದೂ ಅವರ ಕೊರಳಿಗೇ, ಬೀಳಬೇಕಾದ್ದೂ ಅಲ್ಲೇ.

ಈ ಕೆಲಸದ ಒಳಗೆ ಏನಿದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಈ ನಾಟಕಗಳಲ್ಲಿ ಕಂದಪದ್ಯ ಬಹಳ ಬರುತ್ತವೆ. ಕಂದದ ಮೊದಲ ಸಾಲಿಗೆ 12 ಮಾತ್ರೆ, ಎರಡನೆಯದಕ್ಕೆ 20, ಮತ್ತೆ 12, ಮತ್ತೆ 20. ತಾಳ ಇಲ್ಲದೆ ರಾಗದಲ್ಲಿ ಎಳೆದು ಹಾಡುತ್ತಾರೆ. ಹೊಸಬರಿಗೆ ಆ 20 ಮಾತ್ರೆಯ ಸಾಲಲ್ಲಿ ಉಸಿರು ಸಾಲುವುದಿಲ್ಲ, ಅರ್ಧಕ್ಕೇ ಪದ ಮುರಿದು ಅರ್ಥ ಕೆಟ್ಟುಹೋಗುತ್ತದೆ. ಎಲ್ಲಿ ಉಸಿರು ತಗೊಂಡರೆ ಮಾತು ಕೆಡುವುದಿಲ್ಲ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಬೀಡಿ ಸೇದುವವರದ್ದು ಬೇರೆ, ಹೊಲದಲ್ಲಿ ದನ ಕೂಗಿ ಕೂಗಿ ಗಂಟಲು ಪಳಗಿದವರದ್ದು ಬೇರೆ. ಶ್ರುತಿಯೂ ಹಾಗೇ. ಪೇಟಿಯ ಎರಡನೇ ಕಪ್ಪು ಮನೆಯ ಶ್ರುತಿಯಲ್ಲಿ ಕಿರುಚಿದ ಹಾಗೆ ಕೇಳುವ ಮನುಷ್ಯನಿಗೆ ಅದಕ್ಕಿಂತ ತಗ್ಗಿನ ಮೊದಲ ಕಪ್ಪು ಮನೆ ಕೊಟ್ಟು ನೋಡಿ, ಅದೇ ಗಂಟಲಲ್ಲಿ ಭೀಮ ನಿಂತಿರುತ್ತಾನೆ. ಸ್ಟೇಜಿನಲ್ಲಿ ಪದ್ಯ ಮರೆತರೆ ನಾನು ಮೊದಲ ಸ್ವರಗಳನ್ನು ಇನ್ನೊಂದು ಸುತ್ತು ನುಡಿಸುತ್ತೇನೆ. ಜನಕ್ಕೆ ಅದು ಸಂಗೀತ, ಅವನಿಗೆ ಅದು ಸಾಲಿನ ನೆನಪು.

ಓದು ಬರಹ ಬಾರದ ಒಬ್ಬರಿಗೆ ಕರ್ಣನ ಪಾತ್ರ ಕಲಿಸಿದ್ದೆ. ಮಗಳು ಓದಿ ಹೇಳುತ್ತಿದ್ದಳು, ಅವರು ಹಸು ಮೇಯಿಸುತ್ತಾ ಬಾಯಿಪಾಠ ಮಾಡುತ್ತಿದ್ದರು. ಶುರುವಿನಲ್ಲಿ ‘ಸ’ ಹಿಡಿಯುವುದೇ ಕಷ್ಟವಾಗಿತ್ತು. ನಾಟಕದ ರಾತ್ರಿ, ಕುಂತಿ ಬಂದು ನೀನು ನನ್ನ ಮಗ ಅನ್ನುವ ಜಾಗದಲ್ಲಿ ಅವರು ಹಾಡಿದ ರೀತಿಗೆ ಕೂತ ಜನ ಕದಲಲಿಲ್ಲ. ಜನ ಕಂಡದ್ದು ಆ ರಾತ್ರಿಯ ಕರ್ಣನನ್ನು ಮಾತ್ರ. ‘ಸ’ ಸಿಗದ ದಿನದಿಂದ ಅಲ್ಲಿಯ ತನಕ ಆ ದನಿ ನಡೆದು ಬಂದ ದಾರಿಯನ್ನು ಪೂರ್ತಿ ಕೇಳಿದವನು ನಾನೊಬ್ಬನೇ. ಇದು ಸಣ್ಣ ಸುಖ ಅಲ್ಲ. ನಿಮಗೂ ಇದು ಸಿಗುತ್ತಿರಬೇಕು ನೋಡಿ. ಕ್ಯಾಮೆರಾದಿಂದ ಬಂದ ಹಸಿ ಸರಕನ್ನೂ ನೋಡಿ, ಅದು ಕೊನೆಗೆ ಏನಾಯಿತು ಅಂತಲೂ ಬಲ್ಲವರು ಬಹುಶಃ ನೀವೊಬ್ಬರೇ.

ಆದರೆ ಇದು ತಾನಾಗಿ ಬರುವುದಿಲ್ಲ. ಎದುರಿಗಿರುವವರು ಏನು ಹೇಳಲು ಒದ್ದಾಡುತ್ತಿದ್ದಾರೆ ಅಂತ ಕಿವಿ ಕೊಟ್ಟು ಕೇಳಿದರೆ ಮಾತ್ರ ಬರುತ್ತದೆ. ಎಲ್ಲರಿಗೂ ಒಂದೇ ಶ್ರುತಿ ಇಟ್ಟು ದುಡ್ಡು ತಗೊಂಡು ಮನೆಗೆ ಹೋದರೆ ಅದು ಸುಮ್ನೆ ಕೂಲಿ. ಕೂಲಿ ಕೆಟ್ಟದ್ದು ಅಂತ ಹೇಳುತ್ತಿಲ್ಲ, ಹೊಟ್ಟೆ ನಡೆಯಬೇಕು. ನೀವು ಕೇಳುತ್ತಿರುವ ಅರ್ಥ ಮಾತ್ರ ಅದರಲ್ಲಿ ಸಿಗುವುದಿಲ್ಲ.

ನಮ್ಮ ಗುಬ್ಬಿ ವೀರಣ್ಣನವರ ವಿಷಯವನ್ನೂ ಹೇಳಬೇಕು. ಅವರು ಸ್ವತಃ ದೊಡ್ಡ ನಟ. ಆದರೂ ನನಗೆ ಅವರ ಮೇಲೆ ಗೌರವ ಜಾಸ್ತಿ ಆಗಿದ್ದು ಬೇರೆ ಕಾರಣಕ್ಕೆ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿ ಅವರ ಕೈಯಲ್ಲಿ ಎಷ್ಟೋ ಜನ ಬೆಳೆಯುವ ಜಾಗವಾಯಿತು. ರಾಜ್‌ಕುಮಾರ್ ಅಲ್ಲಿ ಪಾತ್ರ ಮಾಡಿದರು. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಬಂದು ಕಂಪನಿ ಸೇರಿದ ಬಿ.ವಿ. ಕಾರಂತರನ್ನು ಎಂ.ಎ. ಓದಲು ಕಾಶಿಗೆ ಕಳಿಸಿದವರು ವೀರಣ್ಣನವರೇ. ಮುಂದೆ ಕಾರಂತರು ರಂಗಸಂಗೀತದಲ್ಲಿ ಮಾಡಿದ್ದನ್ನು ನನ್ನಂಥ ಪೇಟಿ ಹಿಡಿಯುವವರು ಇವತ್ತಿಗೂ ಕೇಳಿ ಕೇಳಿ ಕಲಿಯುತ್ತೇವೆ.

ಬಿಡಬೇಕಾ ಅನ್ನುವುದಕ್ಕೆ ಬರೋಣ. ನಿಮ್ಮದೇ ಅಂತ ಹೇಳಲು ಏನೋ ಇದ್ದರೆ ಅದನ್ನು ಖಂಡಿತ ಮಾಡಿ, ಈ ಕೆಲಸ ಅದಕ್ಕೆ ಅಡ್ಡ ಬರುವುದಿಲ್ಲ. ನಾನೂ ಬಿಡುವಾದಾಗ ಹೊಸ ಮಟ್ಟು ಹಾಕುತ್ತೇನೆ, ಕೆಲವು ಸ್ಟೇಜಿಗೂ ಹೋಗಿವೆ. ನಿಮ್ಮ ಶ್ರಮಕ್ಕೆ ಬೆಲೆ ಕೊಡದವರ ಕೆಲಸವನ್ನು ಮಾತ್ರ ಅರ್ಥದ ಹೆಸರಲ್ಲಿ ಹೊತ್ತುಕೊಳ್ಳಬೇಡಿ. ರೇಟು ಮೊದಲೇ ಮಾತಾಡಿ. ಟೈಟಲ್ಲಿನಲ್ಲಿ ಹೆಸರು ಹಾಕಿ ಅಂತ ಬಾಯಿ ಬಿಟ್ಟು ಕೇಳಿ, ಅದರಲ್ಲಿ ನಾಚಿಕೆ ಏನಿಲ್ಲ. ನಮ್ಮ ನಾಟಕದ ಕರಪತ್ರದಲ್ಲೂ ಪಾತ್ರಧಾರಿಗಳ ಜೊತೆ ಮೇಷ್ಟ್ರ ಹೆಸರು ಇರುತ್ತದೆ, ಇರಬೇಕು ಅಂತ ನಾವೇ ಹೇಳುತ್ತೇವೆ. ಆಮೇಲೆ ನಿಮ್ಮ ಹತ್ತಿರ ಬರುವವರಲ್ಲಿ ನಿಜವಾಗಿ ಒದ್ದಾಡುತ್ತಿರುವ ಒಬ್ಬರನ್ನು ಆರಿಸಿಕೊಳ್ಳಿ. ಕತ್ತರಿ ಹಾಕುವ ಮುಂಚೆ ಅವರ ಜೊತೆ ಒಂದು ಗಂಟೆ ಕೂತು, ಇದರಲ್ಲಿ ನೀವು ಏನು ಹೇಳಬೇಕು ಅಂದುಕೊಂಡಿದ್ದೀರಿ ಅಂತ ಕೇಳಿ ನೋಡಿ.